ಬೇನೆ ಹೇಳಿಕೊಳ್ಳುವ ಭಾಷೆ

ಬೀದರಿಗೆ ಬರುವ ಅತಿಥಿಗಳನ್ನು ನಾವು ಮೊದಲು ಕೋಟೆಗೆ ಕರೆದೊಯ್ಯುತ್ತೇವೆ. ಆಮೇಲೆ ಮಹಮೂದ್ ಗವಾನನ ಮದರಸಾ, ಚೌಬಾರಾ, ಅಷ್ಟೂರಿನ ಗುಮ್ಮಟಗಳು. ಹೊತ್ತು ಉಳಿದರೆ ಬಿದರಿ ಕೆಲಸದ ಅಂಗಡಿಗಳು. ಇದೇ ಊರಿನಲ್ಲಿ ಒಂದು ಕಾಲಕ್ಕೆ ಸುಲ್ತಾನನೇ ಕಟ್ಟಿಸಿದ ದವಾಖಾನೆ ಇತ್ತಲ್ಲ, ಅದರ ಕಥೆ ಏನು ಎಂದು ಇದುವರೆಗೆ ಒಬ್ಬ ಅತಿಥಿಯೂ ಕೇಳಿಲ್ಲ. ನಾವೂ ಹೇಳಿಲ್ಲ.

ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನು ಅಹಮದ್ ಶಾಹ್ ವಲಿ. ಅವನ ಮಗ ಎರಡನೆಯ ಅಲಾವುದ್ದೀನ್ ಅಹಮದ್ ಶಾಹ್ 1436ರಿಂದ 1458ರವರೆಗೆ ಆಳಿದ. ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿದ್ದು ಚರಿತ್ರೆ ಬರೆದ ಫಿರಿಶ್ತಾ, ಈ ಅಲಾವುದ್ದೀನನು ಬೀದರಿನಲ್ಲಿ ಒಂದು ದಾರುಶ್ಶಿಫಾ ಕಟ್ಟಿಸಿದ್ದನ್ನು ದಾಖಲಿಸಿದ್ದಾನೆ. ರೋಗಿಗಳ ಔಷಧಿ ಮತ್ತು ಆಹಾರದ ಖರ್ಚಿಗೆಂದು ಹಳ್ಳಿಗಳ ಉತ್ಪನ್ನವನ್ನು ಬಿಟ್ಟುಕೊಡಲಾಗಿತ್ತು. ಮುಸ್ಲಿಂ ಹಕೀಮರನ್ನೂ ಹಿಂದೂ ವೈದ್ಯರನ್ನೂ ಅಲ್ಲಿ ನೇಮಿಸಲಾಗಿತ್ತು.

ಈ ಕೊನೆಯ ಮಾತನ್ನು ಸಾಮಾನ್ಯವಾಗಿ ಕೋಮು ಸೌಹಾರ್ದಕ್ಕೆ ಉದಾಹರಣೆಯಾಗಿ ಕೊಡುತ್ತಾರೆ. ಅದು ಸರಿಯೇ. ಆದರೆ ನಮಗೆ ಅದರಲ್ಲಿ ಇನ್ನೊಂದು ಸಂಗತಿಯೂ ಕಾಣುತ್ತದೆ. ಹಕೀಮನು ಖೂನ್, ಬಲ್ಗಮ್, ಸಫ್ರಾ, ಸೌದಾ ಎಂಬ ನಾಲ್ಕು ಧಾತುಗಳ ಲೆಕ್ಕದಲ್ಲಿ ರೋಗ ಹುಡುಕುವವನು. ವೈದ್ಯನು ವಾತ, ಪಿತ್ತ, ಕಫಗಳ ಲೆಕ್ಕದವನು. ಎದುರಿಗೆ ಕುಳಿತ ರೈತನಿಗೆ ಈ ಎರಡೂ ಲೆಕ್ಕ ಬೇಡ. ಅವನ ಹತ್ತಿರ ಇರುವುದು ಒಂದೇ ಮಾತು: 'ಹೊಟ್ಟಿ ಬ್ಯಾನಿ'. ಕನ್ನಡ, ಮರಾಠಿ, ತೆಲುಗು ಮೂರೂ ಕೂಡುವ ಈ ನೆಲದಲ್ಲಿ, ಫಾರ್ಸಿ ಬಲ್ಲವರು ಆಳುತ್ತಿದ್ದ ಊರಿನಲ್ಲಿ, ರೋಗಿಯ ಮಾತನ್ನು ಚಿಕಿತ್ಸೆ ಮಾಡುವವನಿಗೆ ದಾಟಿಸಲು ನಡುವೆ ಯಾರಾದರೂ ಬೇಕೇ ಬೇಕಿತ್ತು. ಎರಡು ಬಗೆಯ ವೈದ್ಯರಿದ್ದರೆ ಎರಡು ಬಗೆಯ ಕಿವಿಗಳಿದ್ದವು ಎಂದೇ ಅರ್ಥ. ದವಾಖಾನೆ ಎಂದರೆ ಗೋಡೆ ಮತ್ತು ಔಷಧಿ ಮಾತ್ರವಲ್ಲ, ಮಾತು ಕೂಡ ಎಂಬುದು ಈ ಊರಿಗೆ ಆರು ನೂರು ವರ್ಷದಷ್ಟು ಹಳೆಯ ಪಾಠ.

ಆ ಪಾಠವನ್ನು ನಾವು ಯಾರ ವಿಷಯದಲ್ಲಿ ಮರೆತೆವು ಎಂಬುದೇ ಈ ಲೇಖನದ ವಿಷಯ.

ಬೋರ್ಡು ಬದಲಾದ ಬಗೆ

ದವಾಖಾನೆಯ ಭಾಷೆ ಎಂದರೆ ಸರ್ಕಾರದ ಭಾಷೆ. 1884ರಲ್ಲಿ ಹೈದರಾಬಾದ್ ಸಂಸ್ಥಾನ ಫಾರ್ಸಿಯನ್ನು ಬಿಟ್ಟು ಉರ್ದುವನ್ನು ಆಡಳಿತ ಭಾಷೆಯಾಗಿ ತಂದಿತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯವಿದ್ಯೆಯನ್ನೂ ಉರ್ದುವಿನಲ್ಲಿ ಕಲಿಸಿದರು. ಅದಕ್ಕಾಗಿ ದಾರುತ್ತರ್ಜುಮಾ ಎಂಬ ಭಾಷಾಂತರ ವಿಭಾಗವೇ ಇತ್ತು. ದೇಶಭಾಷೆಯೊಂದರಲ್ಲಿ ಡಾಕ್ಟರನ್ನು ತಯಾರು ಮಾಡಿದ ಆ ಸಾಹಸವನ್ನು ನಾವು ಉರ್ದು ಶಾಲೆಯಲ್ಲಿ ಓದುತ್ತಿದ್ದಾಗ ಮೇಷ್ಟ್ರುಗಳು ಹೆಮ್ಮೆಯಿಂದ ಹೇಳುತ್ತಿದ್ದರು.

ಭಾಲ್ಕಿ, ಔರಾದ್ ಕಡೆಯ ಹಳ್ಳಿಯವನಿಗೆ ಆ ಹೆಮ್ಮೆಯಲ್ಲಿ ಪಾಲಿರಲಿಲ್ಲ. ಅವನ ಮನೆಮಾತು ಕನ್ನಡ, ಇಲ್ಲವೇ ಮರಾಠಿ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ಈ ಭಾಗದ ಪ್ರತಿ ಮನೆಗೂ ಗೊತ್ತು. ನಾವು ಕನ್ನಡ ಶಾಲೆಗೆ ಬಂದ ಮೇಲೆ ಕೇಳಿದ್ದು ಈ ಕಥೆಯನ್ನು. ಎರಡೂ ಶಾಲೆಯಲ್ಲಿ ಕುಳಿತ ನಮಗೆ ಎರಡೂ ನಿಜ. ತನ್ನ ಭಾಷೆಯಲ್ಲಿ ಕಲಿಯುವ ಸುಖವೂ ನಿಜ, ಇನ್ನೊಬ್ಬರ ಭಾಷೆಯಡಿ ಬಾಳುವ ಸಂಕಟವೂ ನಿಜ.

1948ರ ಪೊಲೀಸ್ ಕಾರ್ಯಾಚರಣೆಯ ನಂತರ ಉಸ್ಮಾನಿಯಾದಲ್ಲಿ ಉರ್ದುವಿನ ಜಾಗಕ್ಕೆ ಇಂಗ್ಲಿಷ್ ಬಂತು. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಹಂಚಿಹೋಯಿತು. ಉದಗೀರ, ನೀಲಂಗಾ, ಅಹಮದಪುರ ಮರಾಠಿ ಸೀಮೆಗೆ ಸೇರಿದವು. ತೆಲುಗು ಭಾಗ ಆಂಧ್ರಕ್ಕೆ ಹೋಯಿತು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್, ಬಸವಕಲ್ಯಾಣ ಮೈಸೂರು ರಾಜ್ಯಕ್ಕೆ ಬಂದವು. ಬೋರ್ಡು ಕನ್ನಡವಾಯಿತು. ಚೀಟಿ ಇಂಗ್ಲಿಷಾಯಿತು. ಕಂಪೌಂಡರನ ಬಾಯಿಯಲ್ಲಿ ದಖನಿ ಉಳಿಯಿತು. ಔರಾದಿನ ಕಡೆ ಮರಾಠಿ ಉಳಿಯಿತು. 'ದವಾಖಾನೆ' ಎಂಬ ಪದ ಮಾತ್ರ ಎಲ್ಲರ ಬಾಯಲ್ಲೂ ಹಾಗೇ ಇದೆ. ಬೋರ್ಡಿನ ಮೇಲೆ 'ಆಸ್ಪತ್ರೆ' ಎಂದಿದ್ದರೂ ಜನ ಹೋಗುವುದು ದವಾಖಾನೆಗೇ.

ಪ್ರತಿ ಬದಲಾವಣೆಗೂ ಜಗಳ, ಮನವಿ, ಮೆರವಣಿಗೆ ನಡೆದಿವೆ. ಅವು ನ್ಯಾಯವಾದ ಜಗಳಗಳೇ. ಆದರೆ ಅವೆಲ್ಲವೂ ಯಾವುದಾದರೂ ಒಂದು ಭಾಷೆಯನ್ನು ಓದಬಲ್ಲವರ, ಆಡಬಲ್ಲವರ ನಡುವಿನ ಜಗಳಗಳು. ಬೋರ್ಡು ಯಾವ ಲಿಪಿಯಲ್ಲಿದ್ದರೂ ಓದಲಾಗದವನು, ನೋವು ಎಲ್ಲಿದೆ ಎಂದು ಕೇಳಿದರೆ ಯಾವ ಭಾಷೆಯಲ್ಲೂ ಪೂರ್ತಿ ಹೇಳಲಾಗದವನು ಈ ಇತಿಹಾಸದಲ್ಲಿ ಎಲ್ಲಿಯೂ ಇಲ್ಲ. ಅವನು ಪ್ರತಿ ಗಲ್ಲಿಯಲ್ಲಿ, ಪ್ರತಿ ಹಳ್ಳಿಯಲ್ಲಿ ಇದ್ದ, ಈಗಲೂ ಇದ್ದಾನೆ.

ನಮ್ಮ ಗಲ್ಲಿಯ ಒಬ್ಬ

ನಮ್ಮ ಗಲ್ಲಿಯಲ್ಲಿ ಒಬ್ಬ ಖಾಲಾ ಇದ್ದಾರೆ. ಅವರ ನಡುವಿನ ಮಗನಿಗೆ ಮೂವತ್ತೈದು ದಾಟಿದೆ. ಬುದ್ಧಿ ಏಳೆಂಟು ವರ್ಷದ ಹುಡುಗನದ್ದು ಎಂದು ಎಲ್ಲರೂ ಹೇಳುತ್ತಾರೆ. ಈ ಲೆಕ್ಕ ಪೂರ್ತಿ ಸರಿಯಲ್ಲ, ಯಾಕೆಂದರೆ ಮೂವತ್ತೈದು ವರ್ಷ ಬದುಕಿದವನಿಗೆ ಏಳು ವರ್ಷದ ಹುಡುಗನಿಗೆ ಗೊತ್ತಿರದ ಎಷ್ಟೋ ಸಂಗತಿ ಗೊತ್ತಿರುತ್ತವೆ. ಹೋಟೆಲಿಗೆ ನೀರು ತಂದುಕೊಡುತ್ತಾನೆ. ಮಸೀದಿಯಲ್ಲಿ ಚಪ್ಪಲಿ ಸಾಲಾಗಿ ಜೋಡಿಸುತ್ತಾನೆ. ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಮೌತ್ ಎಂಬುದು ಅವನಿಗೆ ನಮಗಿಂತ ಮೊದಲೇ ಗೊತ್ತಾಗುತ್ತದೆ. ನೋವಿಗೆ ಮಾತ್ರ ಅವನ ಹತ್ತಿರ ಒಂದೇ ಪದ: 'ದುಖ್ತಾ'. ಹಸಿವಾದರೂ ಅದೇ, ಕಾಲಿಗೆ ಮುಳ್ಳು ಚುಚ್ಚಿದರೂ ಅದೇ.

ಕೆಲವು ವರ್ಷಗಳ ಹಿಂದೆ ಅವನು ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳತೊಡಗಿದ. ಊಟ ಬಿಟ್ಟ. ರಾತ್ರಿ ಕೂಗುತ್ತಿದ್ದ. ಖಾಲಾಗೆ ಇಂಗ್ಲಿಷ್ ಬಾರದು, ಕನ್ನಡವೂ ಅಷ್ಟಕ್ಕಷ್ಟೆ. ದವಾಖಾನೆಗೆ ಅವರ ಜೊತೆ ನಾವು ಹೋದೆವು. ಡಾಕ್ಟರು ನಮ್ಮನ್ನು ಕೇಳಿದರು, 'ಎಷ್ಟು ದಿನದಿಂದ ಹೀಗೆ?' ನಾವು ಖಾಲಾನನ್ನು ಕೇಳಿದೆವು. ಖಾಲಾ ನಮಗೆ ಹೇಳಿದರು. ನಾವು ಡಾಕ್ಟರಿಗೆ ಹೇಳಿದೆವು. ದುಭಾಷಿಯ ಕೆಲಸ ಚೆನ್ನಾಗಿ ಮಾಡಿದೆವೆಂಬ ಸಮಾಧಾನವೂ ನಮಗಿತ್ತು. 'ಇಂಥವರಲ್ಲಿ ಇದು ಇದ್ದದ್ದೇ' ಎಂದು ಡಾಕ್ಟರು ನಿದ್ದೆಯ ಗುಳಿಗೆ ಬರೆದರು. ಎರಡನೆಯ ಸಲ ಇನ್ನೊಂದು ಕಡೆ ಹೋದಾಗಲೂ ಇದೇ ನಡೆಯಿತು.

ಮೂರನೆಯ ಸಲ ಹೋಗುವಷ್ಟರಲ್ಲಿ ಕೆನ್ನೆ, ಕುತ್ತಿಗೆ ಬಾತು ಜ್ವರ ಏರಿತ್ತು. ಅಲ್ಲಿ ವಯಸ್ಸಾದ ಸಿಸ್ಟರ್ ಒಬ್ಬರಿದ್ದರು. ಅವರು ಅವನ ಎದುರು ಸ್ಟೂಲಿನ ಮೇಲೆ ಕುಳಿತರು. ಖಾಲಾನನ್ನೂ ನಮ್ಮನ್ನೂ ಸುಮ್ಮನಿರಲು ಹೇಳಿ, ಮೊದಲು ತಮ್ಮ ಬಾಯನ್ನೇ ದೊಡ್ಡದಾಗಿ ತೆರೆದರು. ತಮ್ಮ ಹಲ್ಲನ್ನು ಬೆರಳಿನಿಂದ ತಟ್ಟಿ ತೋರಿಸಿದರು. 'ಕಾಂ ದುಖ್ತಾ? ಯಾಂ? ಯಾಂ?' ಎಂದರು. ಅವನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ತನ್ನ ಬಾಯಿ ತೆರೆದು, ಒಳಗೆ ಬೆರಳಿಟ್ಟು ತೋರಿಸಿದ. ದವಡೆಯ ಹಲ್ಲು ಕೊಳೆತು ಕೀವು ತುಂಬಿತ್ತು.

ಅವನು ಬದುಕಿದ. ಆದರೆ ಮೂರು ವಾರ ನರಳಿದ. ಆ ಮೂರು ವಾರಗಳಲ್ಲಿ ತಪ್ಪು ಡಾಕ್ಟರದ್ದು ಮಾತ್ರವಲ್ಲ. ಕಥೆ ಬರೆಯುವವರು, ಎರಡು ಭಾಷೆ ಓದಿದವರು ಎನಿಸಿಕೊಂಡ ನಾವು ಪಕ್ಕದಲ್ಲೇ ಕುಳಿತಿದ್ದೆವು. ಅವನನ್ನು ಬಿಟ್ಟು ಉಳಿದವರೆಲ್ಲರ ಮಾತನ್ನೂ ಭಾಷಾಂತರಿಸಿದ್ದೆವು.

ಕಾನೂನು ಇಟ್ಟ ಹೆಸರುಗಳು

ಇಂಥವರನ್ನು ಏನೆಂದು ಕರೆಯಬೇಕು ಎಂಬುದರಲ್ಲೇ ಒಂದು ಇತಿಹಾಸವಿದೆ. ಬ್ರಿಟಿಷ್ ಇಂಡಿಯಾದ 1912ರ ಲೂನಸಿ ಕಾಯ್ದೆ 'ಈಡಿಯಟ್' ಎಂಬ ಪದವನ್ನು ಬಳಸಿ, ಇವರನ್ನೂ ಹುಚ್ಚರ ಸಾಲಿಗೇ ಸೇರಿಸಿತ್ತು. 1987ರ ಮಾನಸಿಕ ಆರೋಗ್ಯ ಕಾಯ್ದೆ ಬುದ್ಧಿಮಾಂದ್ಯವು ಮಾನಸಿಕ ರೋಗವಲ್ಲ ಎಂದು ಇವರನ್ನು ಆ ಸಾಲಿನಿಂದ ಹೊರಗಿಟ್ಟಿತು. 1995ರ ಅಂಗವಿಕಲರ ಕಾಯ್ದೆ ಬುದ್ಧಿಮಾಂದ್ಯವನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. 2016ರ ಹಕ್ಕುಗಳ ಕಾಯ್ದೆ 'ಬೌದ್ಧಿಕ ವಿಕಲತೆ' ಎಂಬ ಹೆಸರು ಕೊಟ್ಟಿತು. ಓದಲು, ಬರೆಯಲು, ಲೆಕ್ಕ ಮಾಡಲು ಮಾತ್ರ ತೊಡಕಿರುವ ಮಕ್ಕಳದ್ದು ಬೇರೆಯೇ ಸಂಗತಿ. 2007ರ 'ತಾರೆ ಜಮೀನ್ ಪರ್' ಸಿನಿಮಾದಿಂದ ನಮ್ಮ ಜನಕ್ಕೆ ಪರಿಚಯವಾದದ್ದು ಅದು. ಇಂಗ್ಲೆಂಡಿನಲ್ಲಿ 'ಲರ್ನಿಂಗ್ ಡಿಸೆಬಿಲಿಟಿ' ಎಂದರೆ ನಾವು ಇಲ್ಲಿ ಹೇಳುತ್ತಿರುವ ಬೌದ್ಧಿಕ ವಿಕಲತೆಯೇ.

2011ರ ಜನಗಣತಿ ದೇಶದಲ್ಲಿ 2.68 ಕೋಟಿ ಅಂಗವಿಕಲರನ್ನು ಎಣಿಸಿತು. ಅವರಲ್ಲಿ ಬುದ್ಧಿಮಾಂದ್ಯರೆಂದು ಬರೆಸಿಕೊಂಡವರು ಸುಮಾರು 15 ಲಕ್ಷ. ಮನೆಯ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡುವ ರೂಢಿ ಗೊತ್ತಿದ್ದವರಿಗೆ, ಬರೆಸದೆ ಉಳಿದವರೂ ಇದ್ದಾರೆಂಬುದು ಗೊತ್ತು. ಈ ವಿಷಯಕ್ಕೆಂದೇ ಕೇಂದ್ರ ಸರ್ಕಾರ 1984ರಲ್ಲಿ ರಾಷ್ಟ್ರೀಯ ಸಂಸ್ಥೆಯೊಂದನ್ನು ಆರಂಭಿಸಿದ್ದು ಸಿಕಂದರಾಬಾದಿನಲ್ಲಿ. ನಿಜಾಮರ ಕಾಲ ಮುಗಿದರೂ ಬೀದರಿನ ತಾಯಂದಿರಿಗೆ ಹೈದರಾಬಾದಿನ ದಾರಿ ತಪ್ಪಲಿಲ್ಲ.

2007 ಈ ಕಥೆಯಲ್ಲಿ ನೆನಪಿಡಬೇಕಾದ ವರ್ಷ. ಆ ವರ್ಷ ಬೀದರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾಯಿತು. ಅದೇ ಅಕ್ಟೋಬರಿನಲ್ಲಿ ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ ಒಪ್ಪಿಗೆ ಕೊಟ್ಟಿತು. ಸಂವಹನ ಎಂದರೆ ಏನೇನು ಎಂದು ಹೇಳುವಾಗ ಆ ಒಡಂಬಡಿಕೆ ಬ್ರೈಲ್ ಲಿಪಿಯ ಜೊತೆ ಸರಳ ಭಾಷೆಯನ್ನೂ ಹೆಸರಿಸುತ್ತದೆ. ನಮ್ಮ 2016ರ ಕಾಯ್ದೆಯೂ ಅದನ್ನೇ ಮಾಡಿತು. ಅದೇ ಕಾಯ್ದೆಯ 25ನೆಯ ಕಲಮು ಚಿಕಿತ್ಸೆಯಲ್ಲಿ ಅಂಗವಿಕಲರಿಗೆ ಆದ್ಯತೆ ಕೊಡಬೇಕು, ದವಾಖಾನೆಯ ಎಲ್ಲ ಭಾಗಗಳೂ ಅವರಿಗೆ ಅಡೆತಡೆಯಿಲ್ಲದೆ ಸಿಗಬೇಕು ಎನ್ನುತ್ತದೆ. ಅಡೆತಡೆ ಎಂದರೆ ನಮಗೆ ಮೆಟ್ಟಿಲು ನೆನಪಾಗುತ್ತದೆ. ಇಳಿಜಾರು ದಾರಿ ಕಟ್ಟಿಸಿ, ಗಾಲಿಕುರ್ಚಿ ಇಟ್ಟು ಕೆಲಸ ಮುಗಿಯಿತು ಎನ್ನುತ್ತೇವೆ. ಖಾಲಾನ ಮಗನಿಗೆ ಮೆಟ್ಟಿಲು ಅಡ್ಡಿಯಲ್ಲ. ಅವನಿಗೆ ಅಡ್ಡಿಯಾದದ್ದು ನಮ್ಮ ಮಾತು.

ಬೇರೆ ಕಡೆ ಕಲಿತ ಪಾಠ

ಈ ಬಗೆಯ ತಪ್ಪಿಗೆ ವೈದ್ಯಶಾಸ್ತ್ರದಲ್ಲಿ ಹೆಸರೇ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ರೀಸ್ ಮತ್ತು ಅವರ ಜೊತೆಗಾರರು 1982ರಲ್ಲಿ ಇದನ್ನು ಗುರುತಿಸಿದರು. ಬುದ್ಧಿಮಾಂದ್ಯ ಎಂಬ ಹಣೆಪಟ್ಟಿಯ ನೆರಳು ಉಳಿದ ಲಕ್ಷಣಗಳ ಮೇಲೆ ಬಿದ್ದು, ಬೇರೆ ರೋಗ ಇದ್ದರೂ ಕಾಣದೆ ಹೋಗುತ್ತದೆ. 'ಇಂಥವರಲ್ಲಿ ಇದು ಇದ್ದದ್ದೇ' ಎಂಬ ಮಾತು ನಮ್ಮ ಬೀದರಿನದ್ದು ಮಾತ್ರವಲ್ಲ.

ಇಂಗ್ಲೆಂಡಿನಲ್ಲಿ ಮೆನ್‌ಕ್ಯಾಪ್ ಎಂಬ ಸಂಸ್ಥೆ 2007ರಲ್ಲೇ ಒಂದು ವರದಿ ಹೊರತಂದಿತು. ಬೌದ್ಧಿಕ ವಿಕಲತೆಯ ಆರು ಮಂದಿ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಆರೈಕೆಯಲ್ಲಿದ್ದಾಗ ಹೇಗೆ ಸತ್ತರು ಎಂಬುದರ ವಿವರ ಅದರಲ್ಲಿತ್ತು. ಲಕ್ವ ಹೊಡೆದು ನುಂಗಲಾಗದೆ ಮಲಗಿದ್ದ ಒಬ್ಬನಿಗೆ 26 ದಿನ ಆಹಾರವೇ ಸೇರಿರಲಿಲ್ಲ. ತನಗೆ ಹಸಿವೆ ಎಂದು ಹೇಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಶ್ರೀಮಂತ ದೇಶದ, ಎಲ್ಲ ಸೌಲಭ್ಯದ ಆಸ್ಪತ್ರೆ ಅದು. ಆಮೇಲೆ ಅಲ್ಲಿ ಸರ್ಕಾರಿ ವಿಚಾರಣೆ ನಡೆದು 2008ರಲ್ಲಿ ವರದಿ ಬಂತು. 2016ರಿಂದ, ರೋಗಿಗೆ ತಿಳಿಯುವ ರೂಪದಲ್ಲಿ ಮಾಹಿತಿ ಕೊಡುವುದು ಇಂಗ್ಲೆಂಡಿನ ಆರೋಗ್ಯ ಸೇವೆಗೆ ಕಡ್ಡಾಯವಾಯಿತು.

ಅಲ್ಲಿಯೇ ಶೀಲಾ ಹಾಲಿನ್ಸ್ ಎಂಬ ಮನೋವೈದ್ಯೆ 1989ರಿಂದ ಅಕ್ಷರವಿಲ್ಲದ ಪುಸ್ತಕಗಳನ್ನು ಹೊರತಂದರು. ಅವರ ಮಗನಿಗೂ ಇದೇ ತೊಂದರೆ ಇತ್ತು. ಆ ಪುಸ್ತಕಗಳಲ್ಲಿ ಚಿತ್ರಗಳಷ್ಟೇ ಇರುತ್ತವೆ. ಸಾವು, ಡಾಕ್ಟರ ಭೇಟಿ, ಆಪರೇಷನ್ ಇಂಥ ವಿಷಯಗಳನ್ನು ಓದಲಾಗದವನು ಚಿತ್ರ ನೋಡುತ್ತಾ ತನ್ನದೇ ಮಾತಿನಲ್ಲಿ ಹೇಳಿಕೊಳ್ಳುತ್ತಾನೆ. ಕೇಳುವವನು ಕೇಳಿಸಿಕೊಳ್ಳುತ್ತಾನೆ.

ನಮ್ಮ ದೇಶದ ದಾಖಲೆಯಲ್ಲೂ ನೋವಿನ ಪುಟಗಳಿವೆ. 1994ರಲ್ಲಿ ಪುಣೆ ಜಿಲ್ಲೆಯ ಶಿರೂರಿನ ಸರ್ಕಾರಿ ವಸತಿಗೃಹದ ಬುದ್ಧಿಮಾಂದ್ಯ ಹುಡುಗಿಯರ ಗರ್ಭಕೋಶ ತೆಗೆಸಲಾಯಿತು. ಮುಟ್ಟಿನ ದಿನಗಳ ಶುಚಿತ್ವ ಅವರಿಗೆ ತಿಳಿಯುವುದಿಲ್ಲ ಎಂಬುದು ಕೊಟ್ಟ ಕಾರಣ. ಅವರಿಗೆ ಹೇಳಿಕೊಡುವುದಕ್ಕಿಂತ ಕತ್ತರಿಸುವುದು ಸುಲಭವಾಗಿ ಕಂಡಿತು. 2009ರಲ್ಲಿ ಚಂಡೀಗಢದ ಆಶ್ರಯಗೃಹವೊಂದರಲ್ಲಿ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾದ ಯುವತಿಯ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂತು. ಆಡಳಿತ ಗರ್ಭಪಾತ ಬೇಕೆಂದಿತ್ತು. ಮಗು ಬೇಕೆಂಬುದು ಆಕೆಯ ಮಾತಾಗಿತ್ತು. ಬುದ್ಧಿ ಸ್ವಲ್ಪ ಮಂದವಾದ ಮಾತ್ರಕ್ಕೆ ಆಕೆಯ ಒಪ್ಪಿಗೆಯನ್ನು ಬದಿಗೆ ತಳ್ಳುವಂತಿಲ್ಲ ಎಂದು ಕೋರ್ಟು ಆಕೆಯ ಮಾತನ್ನೇ ಎತ್ತಿಹಿಡಿಯಿತು. ಕೇಳಿದ್ದರಿಂದ ತಾನೆ ಆಕೆಯ ಮನಸ್ಸು ಗೊತ್ತಾದದ್ದು!

ಉಪವಾಸ ಎಂದರೆ ಏನು?

ಸರಳ ಮಾತು ಎಂದರೆ ಇಂಗ್ಲಿಷ್ ಕರಪತ್ರವನ್ನು ಕನ್ನಡಕ್ಕೆ ಇಳಿಸುವುದು ಎಂದು ತಿಳಿದವರಿಗೆ ನಾವು ಒಂದು ಉದಾಹರಣೆ ಕೊಡುತ್ತೇವೆ. ರಕ್ತದ ಸಕ್ಕರೆ ಪರೀಕ್ಷೆಗೆ 'ನಾಳೆ ಉಪವಾಸ ಬನ್ನಿ' ಎಂದು ಹೇಳಿ ಕಳಿಸುತ್ತಾರೆ. ಔರಾದಿನ ಮರಾಠಿ ಮನೆಯಲ್ಲಿ ಉಪವಾಸವೆಂದರೆ ಸಾಬುದಾಣಿ ಖಿಚಡಿ ತಿನ್ನುವ ದಿನ. ಬೀದರಿನ ಮುಸ್ಲಿಂ ಮನೆಯಲ್ಲಿ ಅದು ರೋಜಾ, ಹನಿ ನೀರೂ ಕೂಡದು. ಡಾಕ್ಟರು ಹೇಳಿದ್ದು ಈ ಎರಡೂ ಅಲ್ಲ. ರಾತ್ರಿ ಉಂಡ ಮೇಲೆ ಏನೂ ತಿನ್ನಬೇಡಿ, ನೀರು ಕುಡಿಯಬಹುದು ಎಂಬುದು ಅವರ ಅರ್ಥ. ಒಂದೇ ಪದ ಮೂರು ಮನೆಯಲ್ಲಿ ಮೂರು ಅರ್ಥ ಪಡೆಯಿತು. ಪದದಿಂದ ಅರ್ಥಕ್ಕೆ ಹೋಗಲು ಹೊತ್ತು ಹಿಡಿಯುವವನಿಗೆ ಇಲ್ಲಿ ಏನು ತಿಳಿದೀತು?

ಅವನಿಗೆ ಬೇಕಾದದ್ದು ದೊಡ್ಡದೇನೂ ಅಲ್ಲ. ಒಂದು ಸಲಕ್ಕೆ ಒಂದೇ ಮಾತು. ಹೇಳಿದ ಮೇಲೆ ಸ್ವಲ್ಪ ಕಾಯುವ ತಾಳ್ಮೆ. 'ದಿನಕ್ಕೆ ಎರಡು ಸಲ' ಎಂಬುದಕ್ಕಿಂತ 'ಬೆಳಿಗ್ಗೆ ರೊಟ್ಟಿ ತಿಂದ ಮೇಲೆ ಒಂದು, ರಾತ್ರಿ ಉಂಡ ಮೇಲೆ ಒಂದು' ಎಂಬುದು ಅವನಿಗೆ ತಿಳಿಯುತ್ತದೆ. ಚೀಟಿಯ ಮೇಲೆ ಒಂದು ಸೂರ್ಯ, ಒಂದು ಚಂದ್ರ ಬರೆದರೆ ಇನ್ನೂ ಒಳ್ಳೆಯದು. ಸೂಜಿ ಚುಚ್ಚುವ ಮೊದಲು ಸೂಜಿ ತೋರಿಸಬೇಕು. ನೋವಾಗುತ್ತದೆ, ಬೇಗ ಮುಗಿಯುತ್ತದೆ ಎಂದು ಇದ್ದದ್ದನ್ನೇ ಹೇಳಬೇಕು. ಸ್ಟೆತಸ್ಕೋಪನ್ನು ಮೊದಲು ತಾಯಿಯ ಎದೆಗೆ ಇಟ್ಟು ತೋರಿಸಬಹುದು. 'ನೋವಿದೆಯಾ?' ಎಂದರೆ ಇಂಥವರಲ್ಲಿ ಬಹಳ ಜನ ಎದುರಿನವರನ್ನು ಮೆಚ್ಚಿಸಲು 'ಹೌದು' ಎಂದುಬಿಡುತ್ತಾರೆ. 'ನೋವಿಲ್ಲವಲ್ಲ?' ಎಂದರೂ 'ಹೌದು' ಎನ್ನುತ್ತಾರೆ. ಆದ್ದರಿಂದ 'ಎಲ್ಲಿ, ತೋರಿಸು' ಎನ್ನಬೇಕು. ಹೇಳಿದ್ದು ತಿಳಿಯಿತೇ ಎಂದು ಕೇಳುವ ಬದಲು, 'ಮನೆಗೆ ಹೋಗಿ ಏನು ಮಾಡ್ತೀ, ಹೇಳು' ಎಂದರೆ ತಿಳಿದದ್ದು, ತಿಳಿಯದ್ದು ಎರಡೂ ಹೊರಬರುತ್ತವೆ. ಮಾತೇ ಬಾರದವರ ವಿಷಯದಲ್ಲಿ ನಡತೆಯೇ ಮಾತು. ಉಣ್ಣುವವನು ಊಟ ಬಿಟ್ಟರೆ, ನಗುವವನು ಹೊಡೆಯತೊಡಗಿದರೆ, ಮೊದಲು ಹುಡುಕಬೇಕಾದದ್ದು ನೋವನ್ನು. ಅವನ ನಿತ್ಯದ ನಡತೆ ಹೇಗಿತ್ತು ಎಂದು ಹೇಳಲು ತಾಯಿ ಬೇಕು. ಅವನ ಪರವಾಗಿ ಎಲ್ಲವನ್ನೂ ಹೇಳಲು ಅಲ್ಲ.

ಇದಕ್ಕೆ ಹೊಸ ಕಟ್ಟಡ ಬೇಡ. ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಂಗವಿಕಲರಿಗಾಗಿಯೇ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಲ್ಲಿ ಬಹಳ ಜನ ಸ್ವತಃ ಅಂಗವಿಕಲರು. ಭಾಲ್ಕಿಯ ಕಾರ್ಯಕರ್ತೆಗೆ ಕನ್ನಡ, ಮರಾಠಿ ಎರಡೂ ಗೊತ್ತು. ಬೀದರಿನವರಿಗೆ ದಖನಿ ಸೇರಿ ಮೂರು. ಈಗ ಅವರ ಕೆಲಸ ಹೆಚ್ಚಾಗಿ ಪ್ರಮಾಣಪತ್ರ, ಪಿಂಚಣಿ, ಗುರುತಿನ ಚೀಟಿಯ ಸುತ್ತಲೇ ಇದೆ. ಒಂದು ಹಾಳೆಯಲ್ಲಿ, 'ಇವನಿಗೆ ನೋವಾದರೆ ಹೀಗೆ ಮಾಡುತ್ತಾನೆ, ಇದಕ್ಕೆ ಹೆದರುತ್ತಾನೆ, ಈ ಮಾತು ತಿಳಿಯುತ್ತದೆ' ಎಂದು ಮನೆಯವರ ಜೊತೆ ಕುಳಿತು ಬರೆದಿಟ್ಟರೆ, ಆ ಹಾಳೆ ಉದಗೀರದ ದವಾಖಾನೆಗೂ ಹೈದರಾಬಾದಿನ ದವಾಖಾನೆಗೂ ಅವನ ಜೊತೆ ಹೋಗುತ್ತದೆ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಇಂಥ ಹಾಳೆಯನ್ನು 'ಹಾಸ್ಪಿಟಲ್ ಪಾಸ್‌ಪೋರ್ಟ್' ಎನ್ನುತ್ತಾರೆ. ಮೂರು ರಾಜ್ಯಗಳ ಗಡಿಯಲ್ಲಿ ಬಾಳುವ ನಮಗೆ ಅದರ ಅಗತ್ಯ ಅವರಿಗಿಂತ ಹೆಚ್ಚು.

ಕುರ್‌ಆನಿನ 'ಅನ್ನಿಸಾ' ಅಧ್ಯಾಯದ 5ನೆಯ ಸೂಕ್ತ ವ್ಯವಹಾರ ತಿಳಿಯದವರ ಆಸ್ತಿಯ ಬಗ್ಗೆ ಹೇಳುವಾಗ ಮೂರು ಹೊಣೆಗಳನ್ನು ಹೊರಿಸುತ್ತದೆ. ಅವರಿಗೆ ಉಣಿಸಬೇಕು, ಉಡಿಸಬೇಕು, ಅವರೊಡನೆ ಒಳ್ಳೆಯ ಮಾತಾಡಬೇಕು. ಮೊದಲಿನ ಎರಡನ್ನು ನಮ್ಮ ಮನೆಗಳು ಬಡತನದಲ್ಲೂ ಮಾಡಿಕೊಂಡು ಬಂದಿವೆ. ಖಾಲಾನಂಥ ತಾಯಂದಿರು ಅದಕ್ಕೆ ಸಾಕ್ಷಿ. ಮೂರನೆಯದನ್ನು ನಾವು ಅನುಕಂಪದ ನಾಲ್ಕು ಮಾತು ಎಂದು ತಿಳಿದೆವು. ಅವನನ್ನೇ ಉದ್ದೇಶಿಸಿ ಆಡುವ, ಅವನಿಗೆ ತಿಳಿಯುವ, ಅವನ ಉತ್ತರಕ್ಕೆ ಕಾಯುವ ಮಾತೂ ಅದರಲ್ಲಿ ಸೇರಿದೆ ಎಂದು ನಮಗೆ ಈಗ ಅನ್ನಿಸುತ್ತದೆ.

ಮೊನ್ನೆ ಖಾಲಾನ ಮಗನಿಗೆ ಮತ್ತೆ ಜ್ವರ ಬಂದಿತ್ತು. ಜೊತೆಗೆ ನಾವೇ ಹೋಗಿದ್ದೆವು. ಡಾಕ್ಟರು ಹೊಸಬರು, ಸಣ್ಣ ವಯಸ್ಸಿನವರು. ಎಂದಿನಂತೆ ನಮ್ಮ ಕಡೆ ತಿರುಗಿ, 'ಏನಾಗಿದೆ ಇವರಿಗೆ?' ಎಂದರು. 'ಡಾಕ್ಟರೇ, ಅವನನ್ನೇ ಕೇಳಿ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದರೆ ಹೇಳುತ್ತಾನೆ' ಎಂದೆವು. ಹೊರಗೆ ಸಾಲು ಉದ್ದವಿತ್ತು. ಆ ಹುಡುಗ ಡಾಕ್ಟರು ಒಮ್ಮೆ ಬಾಗಿಲ ಕಡೆ ನೋಡಿ, ಕುರ್ಚಿಯನ್ನು ಅವನ ಹತ್ತಿರ ಎಳೆದುಕೊಂಡರು.